ಭಾವನವರ ಜೀಪು ಮತ್ತು ಎರಡು ಹೆಚ್ಚುವರಿ ಪ್ಲೇಟುಗಳು



ಪ್ರೌಢಶಾಲೆಯಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಇತಿಹಾಸ ಬೋಧಿಸಿದ ನಾನು ಎರಡನೆಯ ಮಹಾಯುದ್ಧದ ಪಾಠ ಬಂದಾಗಲೆಲ್ಲ ಜೀಪಿನ ಹೆಸರನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದಕ್ಕೆ ಸಾಗುತ್ತಿದ್ದೆ. ಆ ಜೀಪಿನ ಅಡಿಯಲ್ಲಿ ಏನಿದೆಯೆಂದು ಬಗ್ಗಿ ನೋಡಿದ್ದು ನಿವೃತ್ತಿಯ ನಂತರ, ಅದೂ ನನ್ನಾಕೆಯ ಬೆನ್ನುನೋವಿನ ದೆಸೆಯಿಂದ.

ನಮ್ಮ ಮನೆಯಂಗಳದಲ್ಲಿ ನಿಂತಿರುವ ಜೀಪನ್ನು ಶಿವಮೊಗ್ಗಕ್ಕೆ ಬಂದ ನಿಮ್ಮಲ್ಲಿ ಹಲವರು ನೋಡಿದ್ದೀರಿ. 1989ರ ಮಹೀಂದ್ರ ಎಂಎಂ 540. ನನ್ನ ಭಾವನವರು, ಎಂದರೆ ನನ್ನಾಕೆಯ ಅಣ್ಣ, ಆಗುಂಬೆಯ ಹತ್ತಿರದ ತೋಟದ ಮನೆಯಲ್ಲಿದ್ದು ಅದನ್ನು ಇಪ್ಪತ್ತೆಂಟು ವರ್ಷ ಓಡಿಸಿದರು. 2017ರಲ್ಲಿ ಅವರು ತೀರಿಕೊಂಡ ಮೇಲೆ ಅದು ನಮ್ಮಲ್ಲಿಗೆ ಬಂತು. ಮಾರುವ ಮಾತೆತ್ತಿದಾಗ ಈಕೆ, "ಕೊಡುವುದಾದರೆ ನನ್ನನ್ನು ಕೇಳಬೇಡಿ, ಕೊಟ್ಟ ಮೇಲೆ ಹೇಳಲೂ ಬೇಡಿ" ಎಂದುಬಿಟ್ಟಳು. ಆ ಮಾತು ಅಲ್ಲಿಗೇ ನಿಂತಿತು.

2021ರಲ್ಲಿ ಆಕೆಗೆ ಬೆನ್ನುಹುರಿಯ ಕೆಳಭಾಗದ ಡಿಸ್ಕ್ ಜಾರಿರುವುದು ತಿಳಿಯಿತು. ಶಸ್ತ್ರಚಿಕಿತ್ಸೆ ಬೇಡ, ಆದರೆ ಕುಲುಕಾಟ ಸಲ್ಲದು ಎಂದರು ವೈದ್ಯರು. ತವರುಮನೆಗೆ ಹೋಗುವ ಕೊನೆಯ ಆರು ಕಿಲೋಮೀಟರು ಕಲ್ಲು, ಹಳ್ಳ, ಕೊರಕಲು. ಸಣ್ಣ ಕಾರು ಅಲ್ಲಿ ಹೊಟ್ಟೆ ಉಜ್ಜುತ್ತದೆ, ಜೀಪು ಹತ್ತಿದರೆ ಬೆನ್ನು ಮುರಿಯುತ್ತದೆ. ಹೀಗಾಗಿ ಎರಡು ವರ್ಷ ಆಕೆ ಅತ್ತಿಗೆಯ ಮುಖ ನೋಡಲಿಲ್ಲ. ಮುಪ್ಪಿನ ಅತ್ತಿಗೆ ಮನೆ ಬಿಟ್ಟು ಹೊರಡುವವರಲ್ಲ. ಫೋನಿನಲ್ಲಿ ಇಬ್ಬರೂ ಮಾತಿಗಿಂತ ಹೆಚ್ಚಾಗಿ ಮೌನವನ್ನೇ ವಿನಿಮಯ ಮಾಡಿಕೊಳ್ಳುತ್ತಿದ್ದರು.

ಜೀಪು ಹೀಗೇಕೆ ಎತ್ತಿಹಾಕುತ್ತದೆ ಎಂಬ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ಆಗ. ಮೇಷ್ಟರ ಚಾಳಿ ನಿಮಗೆ ಗೊತ್ತೇ ಇದೆ, ಉತ್ತರ ಹುಡುಕಲು ಹಿಂದಕ್ಕೆ ಹೋದೆ.

ನಮ್ಮ ಎತ್ತಿನ ಗಾಡಿಗೆ ಸ್ಪ್ರಿಂಗ್ ಎಂಬುದೇ ಇರಲಿಲ್ಲ. ಅಚ್ಚಿನ ಮೇಲೆ ನೇರವಾಗಿ ಮೈ, ಮೈಯ ಮೇಲೆ ಹುಲ್ಲಿನ ಮೆತ್ತೆ, ಅದರ ಮೇಲೆ ನಾವು. ನನ್ನ ಬಾಲ್ಯದ ಪೇಟೆಯ ಜಟಕಾ ಗಾಡಿಗಳಿಗೆ ಮಾತ್ರ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳಿದ್ದವು. ಈ ಪಟ್ಟಿಕಟ್ಟಿನ ಕತೆಯಲ್ಲಿ ಮುಖ್ಯನಾದವನು ಲಂಡನ್ನಿನ ಸಾರೋಟು ತಯಾರಕ ಒಬಡಯಾ ಎಲಿಯಟ್. ಎರಡು ಕಮಾನುಗಳನ್ನು ಎದುರುಬದುರಾಗಿ ಸೇರಿಸಿ ಮೊಟ್ಟೆಯಾಕಾರದ ಸ್ಪ್ರಿಂಗನ್ನು ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅವನು ಸಾರೋಟುಗಳಿಗೆ ಅಳವಡಿಸಿದ. ಸಾರೋಟಿನ ಅಡಿಯಲ್ಲಿದ್ದ ಭಾರಿ ತೊಲೆ ಅನಾವಶ್ಯಕವಾಗಿ ಗಾಡಿ ಹಗುರಾಯಿತು.

ಅದಕ್ಕೂ ಬಹಳ ಹಿಂದೆ ರಾಬರ್ಟ್ ಹುಕ್ ಸ್ಪ್ರಿಂಗಿನ ನಿಯಮವನ್ನು ಕಂಡುಹಿಡಿದಿದ್ದ. ಬೇರೆಯವರು ಕದ್ದಾರೆಂಬ ಭಯದಿಂದ 1676ರಲ್ಲಿ ಅದನ್ನು ಅಕ್ಷರಗಳನ್ನು ಅದಲುಬದಲು ಮಾಡಿದ ಒಗಟಿನ ರೂಪದಲ್ಲಿ ಅಚ್ಚು ಹಾಕಿಸಿ, ಎರಡು ವರ್ಷಗಳ ನಂತರ ಬಿಡಿಸಿ ಹೇಳಿದ. ಎಷ್ಟು ಭಾರವೋ ಅಷ್ಟು ಹಿಗ್ಗು ಎಂಬುದೇ ಆ ಒಗಟಿನ ಉತ್ತರ. (ಪರೀಕ್ಷೆಯಲ್ಲಿ ಉತ್ತರ ಮುಚ್ಚಿಕೊಂಡು ಬರೆಯುತ್ತಿದ್ದ ಮುಂದಿನ ಬೆಂಚಿನವರ ನೆನಪಾಯಿತು!)

ಸ್ಪ್ರಿಂಗಿಗೆ ಒಂದು ದುರ್ಗುಣವಿದೆ. ಅದು ಪಡೆದ ಪೆಟ್ಟನ್ನು ನುಂಗುವುದಿಲ್ಲ, ಇಟ್ಟುಕೊಂಡು ಹಿಂದಿರುಗಿಸುತ್ತದೆ. ಪಟ್ಟಿಗಳು ಒಂದಕ್ಕೊಂದು ಉಜ್ಜುವುದರಿಂದ ಕುಣಿತ ಸ್ವಲ್ಪ ತಗ್ಗುತ್ತದೆ, ಅಷ್ಟೆ. ಮೋಟಾರು ಬಂಡಿಗಳ ವೇಗ ಹೆಚ್ಚಿದಾಗ ಆ ಉಜ್ಜಾಟ ಸಾಲದಾಯಿತು. ಫ್ರಾನ್ಸಿನ ಟ್ರುಫೋ ಮತ್ತು ಅಮೆರಿಕದ ಹಾರ್ಟ್‌ಫರ್ಡ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಿಲ್ಲೆಗಳ ಘರ್ಷಣೆಯಿಂದ ಕುಣಿತ ಹಿಡಿಯುವ ಸಾಧನವನ್ನು ಬಳಕೆಗೆ ತಂದರು. ಅನಂತರ ಕೊಳವೆಯಲ್ಲಿ ಎಣ್ಣೆ ತುಂಬಿ, ಅದನ್ನು ಸಣ್ಣ ರಂಧ್ರಗಳಲ್ಲಿ ಹಾಯಿಸಿ ಚಲನೆಯನ್ನು ಶಾಖವಾಗಿ ಕರಗಿಸುವ ಶಾಕ್ ಅಬ್ಸಾರ್ಬರ್ ಬಂತು. ಹೊರೆ ಹೊರುವುದು ಸ್ಪ್ರಿಂಗಿನ ಕೆಲಸ, ಕುಣಿತ ನಿಲ್ಲಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಈ ವ್ಯತ್ಯಾಸ ತಿಳಿಯದೆ ನಾನು ತೆತ್ತ ದಂಡವನ್ನು ಮುಂದೆ ಹೇಳುತ್ತೇನೆ.

ಈಗ ಜೀಪಿಗೆ ಬರೋಣ. 1940ರ ಬೇಸಿಗೆಯಲ್ಲಿ ಅಮೆರಿಕದ ಸೈನ್ಯವು ಹಗುರವಾದ, ನಾಲ್ಕೂ ಗಾಲಿಗಳಿಗೆ ಶಕ್ತಿ ಹಾಯಿಸುವ ವಾಹನ ಬೇಕೆಂದು 135 ಕಂಪನಿಗಳಿಗೆ ಬರೆಯಿತು. ಮಾದರಿ ಸಿದ್ಧಪಡಿಸಲು ಕೊಟ್ಟ ಅವಧಿ 49 ದಿನ. ಬ್ಯಾಂಟಮ್ ಎಂಬ ಪುಟ್ಟ ಕಂಪನಿ ಸೆಪ್ಟೆಂಬರ್ 23ರಂದು, ಗಡುವಿನೊಳಗೇ, ಗಾಡಿಯನ್ನು ತಂದು ನಿಲ್ಲಿಸಿತು. ಆದರೆ ಯುದ್ಧಕಾಲದ ದೊಡ್ಡ ಗುತ್ತಿಗೆಗಳು ವಿಲ್ಲಿಸ್ ಮತ್ತು ಫೋರ್ಡ್ ಪಾಲಾದವು. ಅವೆರಡೂ ಸೇರಿ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದವು. ಇತಿಹಾಸದಲ್ಲಿ ಇಂಥ ಅನ್ಯಾಯಗಳು ಹೊಸದೇನಲ್ಲ.

ನನ್ನ ಕುತೂಹಲ ಕೆರಳಿಸಿದ್ದು ಸೈನ್ಯದ ಆ ಪತ್ರದಲ್ಲಿದ್ದ ಒಂದು ಅಂಕಿ. ಗಾಡಿ 600 ಪೌಂಡು, ಎಂದರೆ ಸುಮಾರು 270 ಕಿಲೋ ಹೊರಬೇಕು. ಸೈನಿಕನ ಬೆನ್ನು ಹೇಗಿದ್ದರೂ ನಡೆಯುತ್ತದೆ, ಹೊರೆ ತಲುಪಬೇಕು. ದೃಢವಾದ ಆಕ್ಸಲ್, ಅದರ ಮೇಲೆ ಮೊಂಡು ಪಟ್ಟಿಕಟ್ಟು. ಮುರಿದರೆ ಎಲ್ಲಿಯಾದರೂ ಒಬ್ಬ ಕಮ್ಮಾರ ಜೋಡಿಸಿಯಾನು ಎಂಬಷ್ಟು ಸರಳ. 1945ರಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಎಂಬ ಹೆಸರಿನಲ್ಲಿ ಹುಟ್ಟಿದ ಸಂಸ್ಥೆ, ಪಾಲುದಾರ ಗುಲಾಮ್ ಮೊಹಮ್ಮದ್ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾಗಿ ಹೋದ ಮೇಲೆ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ವಿಲ್ಲಿಸ್ ಜೀಪನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿದ್ದು ಅದೇ. ಎಂಜಿನ್ ಬದಲಾಯಿತು, ಮೈ ಉದ್ದವಾಯಿತು, ಆದರೆ ಭಾವನವರ ಎಂಎಂ 540ರ ನಾಲ್ಕು ಮೂಲೆಗಳಲ್ಲೂ ಅದೇ ಯುದ್ಧಕಾಲದ ಏರ್ಪಾಡು ಉಳಿದುಬಂದಿತ್ತು.

ಆ ಏರ್ಪಾಡು ಭಾವನವರಿಗೆ ಸಾಲಲಿಲ್ಲ! ಮಲೆನಾಡಿನಲ್ಲಿ ಜೀಪಿಗೆ ಇಷ್ಟೇ ಜನ ಎಂಬ ಲೆಕ್ಕವಿಲ್ಲ. ಅಡಿಕೆ ಮೂಟೆ, ಗೊಬ್ಬರ, ಮದುವೆಯ ದಿಬ್ಬಣ, ಮಳೆಗಾಲದ ನಡುರಾತ್ರಿ ತೀರ್ಥಹಳ್ಳಿಯ ಆಸ್ಪತ್ರೆಗೆ ಹೊರಟ ಬಸುರಿ ಹೆಂಗಸು, ಎಲ್ಲವೂ ಅದರಲ್ಲೇ. ಹಿಂಭಾಗ ಕುಸಿಯತೊಡಗಿದಾಗ ಅವರು ಎರಡೂ ಬದಿಗೆ ಎರಡೆರಡು ದಪ್ಪ ಪ್ಲೇಟು ಹೆಚ್ಚಿಗೆ ಹಾಕಿಸಿದರು. ಪಟ್ಟಿಯ ಬಿಗಿ ಅದರ ದಪ್ಪದ ಘನದಂತೆ ಏರುತ್ತದೆ. ಆರು ಮಿಲಿಮೀಟರಿನ ಬದಲು ಎಂಟು ಮಿಲಿಮೀಟರಿನ ಪಟ್ಟಿ ಹಾಕಿದರೆ ಆ ಒಂದು ಪಟ್ಟಿಯ ಬಿಗಿ ಎರಡೂಕಾಲು ಪಟ್ಟನ್ನು ದಾಟುತ್ತದೆ. ಹದಿನೈದು ಮಂದಿ ಕೂತಾಗ ಸರಿಯಾಗಿ ತೂಗುತ್ತಿದ್ದ ಆ ಜೀಪು, ಮುದುಕರಿಬ್ಬರು ಕೂತರೆ ಖಾಲಿ ಡಬ್ಬಿಯಂತೆ ಹಾರುತ್ತಿದ್ದುದು ಇದಕ್ಕಾಗಿ.

ಇದಾವುದನ್ನೂ ಅರಿಯದ ನಾನು 2023ರಲ್ಲಿ ಪೇಟೆಯ ಒಂದು ಅಂಗಡಿಗೆ ಜೀಪನ್ನು ಒಯ್ದು, "ಶಾಕ್ ಅಬ್ಸಾರ್ಬರ್ ಒಳ್ಳೆಯದು ಹಾಕಿ" ಎಂದೆ. ಅವರು ಉತ್ಸಾಹದಿಂದ ಇನ್ನೊಂದು ಪ್ಲೇಟು ಸೇರಿಸಿ, ಉದ್ದನೆಯ ಶ್ಯಾಕಲ್ ಕೂರಿಸಿ, ಬಲು ಗಟ್ಟಿಯಾದ ಶಾಕ್ ಅಬ್ಸಾರ್ಬರ್ ಹಾಕಿ ಜೀಪನ್ನು ಎತ್ತರಿಸಿದರು. ನೋಡಲು ಠೀವಿಯಾಗಿತ್ತು. ಹದಿನೆಂಟು ಸಾವಿರ ರೂಪಾಯಿ ಎಣಿಸಿ, ಅದೇ ಸಂಜೆ ಆಕೆಯನ್ನು ಕೂರಿಸಿಕೊಂಡು ತುಂಗಾ ಸೇತುವೆಯ ತನಕ ಹೋಗಿಬಂದೆ. ಹಿಂತಿರುಗುವಾಗ ಆಕೆ ಒಂದು ಮಾತೂ ಆಡಲಿಲ್ಲ, ಸೀಟಿನ ಕಂಬಿ ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು. ನಾಲ್ಕು ದಿನ ಮಲಗಿದಲ್ಲಿಂದ ಏಳಲಾಗಲಿಲ್ಲ. ಆ ನಾಲ್ಕು ದಿನ ಕಾಫಿ ನಾನೇ ಮಾಡಿದೆ. ಕುಡಿದು ಆಕೆ, "ಚೆನ್ನಾಗಿದೆ" ಎಂದದ್ದು ನನಗೆ ಇನ್ನಷ್ಟು ನೋವಾಯಿತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗ್ಯಾರೇಜು ಇಟ್ಟಿದ್ದಾನೆ. ಎಸ್ಸೆಸ್ಸೆಲ್ಸಿಯಲ್ಲಿ ನನ್ನ ವಿಷಯದಲ್ಲೇ ಒಮ್ಮೆ ಅನುತ್ತೀರ್ಣನಾದವನು, ಅರ್ಧ ತಪ್ಪು ನನ್ನದು. ಅವನು ಜೀಪಿನಡಿ ಮಲಗಿ ನೋಡಿ ಎದ್ದು, ನಗಲಿಲ್ಲ. "ಸಾರ್, ಇದರಲ್ಲಿ ಯಾರು ಕೂರೋದು?" ಎಂದು ಕೇಳಿದ. ನಾನು ಹೇಳಿದೆ. "ಹಾಗಾದ್ರೆ ಸೇರಿಸೋದಲ್ಲ ಸಾರ್, ತೆಗೀಬೇಕು."

ಜೀಪು ಎತ್ತರವಾದಷ್ಟು ಶಾಕ್ ಅಬ್ಸಾರ್ಬರ್ ಉದ್ದವಾಗಿರಲಿಲ್ಲ. ಗಾಲಿ ಗುಂಡಿಗೆ ಇಳಿಯುವ ಮೊದಲೇ ಅದರ ಉದ್ದ ಮುಗಿದು ಟಕ್ಕೆಂದು ಎಳೆಯುತ್ತಿತ್ತು. ಆಕೆಯ ಬೆನ್ನಿಗೆ ಬಿದ್ದದ್ದು ಆ ಪೆಟ್ಟು.

ಪಟ್ಟಿಕಟ್ಟನ್ನೇ ಕಿತ್ತು ಸುರುಳಿ ಸ್ಪ್ರಿಂಗ್ ಹಾಕಬಾರದೇ ಎಂದು ಓದಿದ ಅಹಂಕಾರದಿಂದ ಕೇಳಿದೆ. 1970ರ ರೇಂಜ್ ರೋವರ್ ನಾಲ್ಕೂ ಗಾಲಿಗೆ ಸುರುಳಿ ಸ್ಪ್ರಿಂಗ್ ತಂದು, ಕಾಡುದಾರಿಯ ಗಾಡಿ ಮೆತ್ತಗೂ ಇರಬಹುದೆಂದು ತೋರಿಸಿತ್ತು. 2020ರ ಥಾರ್ ಕೂಡ ಆ ದಾರಿ ಹಿಡಿಯಿತು. ಅವನು ತಲೆಯಾಡಿಸಿದ. ಪಟ್ಟಿಕಟ್ಟು ಹೊರೆ ಹೊರುವುದಲ್ಲದೆ ಆಕ್ಸಲನ್ನು ಹಿಂದೆಮುಂದೆ ಸರಿಯದಂತೆ ಹಿಡಿದಿರುತ್ತದೆ. ಅದನ್ನು ತೆಗೆದರೆ ಆ ಕೆಲಸಕ್ಕೆ ಬೇರೆ ಕಂಬಿಗಳನ್ನು ಚಾಸಿಗೆ ಬೆಸೆಯಬೇಕು. ಮೇಲಾಗಿ, ತಯಾರಕರ ಮೂಲ ವಿವರಣೆಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮನ್ನು ವಿವರಿಸುತ್ತ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಹೇಳಿದೆ. ಇದನ್ನು ನನ್ನ ಅನುತ್ತೀರ್ಣ ವಿದ್ಯಾರ್ಥಿಯೇ ನನಗೆ ತಿಳಿಸಿದ್ದು.

ಅವನು ಉದ್ದನೆಯ ಶ್ಯಾಕಲ್ ತೆಗೆದು ಹಳೆಯದನ್ನೇ ಕೂರಿಸಿದ. ಅಂಗಡಿಯ ಪ್ಲೇಟನ್ನೂ ಭಾವನವರ ಪ್ಲೇಟುಗಳನ್ನೂ ಬಿಚ್ಚಿದ. ಉಳಿದ ಪಟ್ಟಿಗಳ ತುಕ್ಕು ಉಜ್ಜಿ, ಬಾಗು ಸರಿಮಾಡಿಸಿ, ನಡುವೆ ಗ್ರೀಸು ಹಚ್ಚಿ, ಸವೆದ ಬುಷ್‌ಗಳನ್ನು ಬದಲಿಸಿದ. ಜೀಪು ಖಾಲಿ ಇದ್ದಾಗ ಒಮ್ಮೆ, ನಮ್ಮಿಬ್ಬರನ್ನೂ ಕೂರಿಸಿ ಇನ್ನೊಮ್ಮೆ, ಗಾಲಿಯ ನಡುವಿನಿಂದ ಮಡ್‌ಗಾರ್ಡಿನವರೆಗೆ ಟೇಪು ಹಿಡಿದು ಅಳೆದ. ಶಾಕ್ ಅಬ್ಸಾರ್ಬರ್ ಆರಿಸಿದ್ದು ಆ ಅಳತೆಗೆ. ಅನಿಲ ತುಂಬಿದ್ದನ್ನೇ ಹಾಕಿದ, ಏಕೆಂದರೆ ಕಲ್ಲುದಾರಿಯಲ್ಲಿ ಒಂದೇ ಸಮನೆ ಕುಲುಕಿದರೆ ಸಾಧಾರಣ ಶಾಕ್ ಅಬ್ಸಾರ್ಬರಿನೊಳಗೆ ಎಣ್ಣೆಯೂ ಗಾಳಿಯೂ ಬೆರೆತು ನೊರೆಯಾಗಿ ಹಿಡಿತ ಸಡಿಲುತ್ತದೆ. ಒತ್ತಡದಲ್ಲಿರುವ ಅನಿಲವು ಆ ನೊರೆಯನ್ನು ತಡೆಯುತ್ತದೆ. ಫ್ರಾನ್ಸಿನ ದ ಕಾರ್ಬೋನ್ ಎಂಬ ವಿಜ್ಞಾನಿ ರೂಪಿಸಿದ ಈ ತತ್ವವನ್ನು ಜರ್ಮನಿಯ ಬಿಲ್‌ಸ್ಟೈನ್ ಸಂಸ್ಥೆ 1950ರ ದಶಕದಲ್ಲಿ ಕಾರುಗಳಿಗೆ ತಂದಿತು.

ಇನ್ನು ಈ ಜೀಪಿನಲ್ಲಿ ಮೂಟೆ ಹೇರುವಂತಿಲ್ಲ. ಹೇರಿದರೆ ಹಿಂಭಾಗ ಕುಸಿಯುತ್ತದೆ. ಒಪ್ಪಿಕೊಂಡೆ.

ಕಳೆದ ಮಾಘ ಮಾಸದಲ್ಲಿ ಹೊರಟೆವು. ಕೊನೆಯ ಆರು ಕಿಲೋಮೀಟರನ್ನು ಮುಕ್ಕಾಲು ಗಂಟೆಯಲ್ಲಿ ಕ್ರಮಿಸಿದೆ. ಕುಲುಕಾಟವೇ ಇರಲಿಲ್ಲವೆಂದರೆ ಸುಳ್ಳಾಗುತ್ತದೆ, ಎರಡು ಕಡೆ ನಿಲ್ಲಿಸಿ ಆಕೆ ಇಳಿದು ನಡೆದಳು. ಹಳ್ಳ ದಾಟಿ ಏರು ಹತ್ತುವಾಗ, "ಅಣ್ಣ ಓಡಿಸುವಾಗ ಇಲ್ಲಿ ನನ್ನ ತಲೆ ಟಾಪಿಗೆ ಬಡಿಯುತ್ತಿತ್ತು" ಎಂದಳು. ಅತ್ತಿಗೆ ಅಂಗಳದ ತುದಿಗೇ ಬಂದು ನಿಂತಿದ್ದರು.

ಬಿಚ್ಚಿದ ಪ್ಲೇಟುಗಳನ್ನು ಗುಜರಿಗೆ ಹಾಕಲು ಆಕೆ ಬಿಟ್ಟಿರಲಿಲ್ಲ, ಗೋಣಿಯಲ್ಲಿ ಸುತ್ತಿ ಜೀಪಿನಲ್ಲೇ ತಂದಿದ್ದಳು. ಸ್ಪ್ರಿಂಗಿನ ಉಕ್ಕಿನಲ್ಲಿ ಒಳ್ಳೆಯ ಕತ್ತಿಯಾಗುತ್ತದೆಂಬುದು ಮಲೆನಾಡಿನವರಿಗೆಲ್ಲ ತಿಳಿದದ್ದೇ. ಅತ್ತಿಗೆ ಒಂದನ್ನು ಊರಿನ ಕಮ್ಮಾರನಿಗೆ ಕೊಟ್ಟು ಕಳುಹಿಸಿದರು. ಉಳಿದ ಮೂರು ಕೊಟ್ಟಿಗೆಯ ಅಟ್ಟದ ಮೇಲಿವೆ.