ಸಭೆ ಸೇರುವ ಹಕ್ಕು: ಸ್ವಾಮಿ ರಮಾನಂದ ತೀರ್ಥರ ಹೋರಾಟದ ಒಂದು ಮಗ್ಗುಲು

ಹೈದರಾಬಾದು ಸಂಸ್ಥಾನದ ಇತಿಹಾಸವನ್ನು ಕುರಿತ ನಮ್ಮ ಬರಹಗಳಲ್ಲಿ ಸ್ವಾಮಿ ರಮಾನಂದ ತೀರ್ಥರ ಹೆಸರು ಬಹುಮಟ್ಟಿಗೆ 1948ರ ಸೆಪ್ಟೆಂಬರ್ 17ರೊಂದಿಗೆ ತಳಕು ಹಾಕಿಕೊಂಡಿದೆ. ಸಂಸ್ಥಾನವು ಭಾರತ ಒಕ್ಕೂಟದಲ್ಲಿ ಸೇರಿದ ಸಂಗತಿಯೇ ಅವರ ಜೀವನದ ಸಾರಸರ್ವಸ್ವವೆಂಬಂತೆ ಚಿತ್ರಿಸುವುದು ರೂಢಿಯಾಗಿದೆ. ಆ ಸಾಧನೆಯನ್ನು ಕಡಿಮೆ ಮಾಡುವುದು ನಮ್ಮ ಉದ್ದೇಶವಲ್ಲ. ಆದರೆ ಅವರ ಹೋರಾಟವು ಆರಂಭವಾದದ್ದು ವಿಲೀನದ ಬೇಡಿಕೆಯಿಂದಲ್ಲ. ಪ್ರಜೆಯೊಬ್ಬನು ನಿರ್ಭಯವಾಗಿ ಸಭೆ ಸೇರುವ, ಸಂಘ ಕಟ್ಟುವ, ಮಾತಾಡುವ ಹಕ್ಕಿನಿಂದ. ಈ ಮೂಲವನ್ನು ಮರೆತರೆ ಅವರ ಸ್ಮರಣೆ ಅಪೂರ್ಣವಾಗುತ್ತದೆಂಬುದು ನಮ್ಮ ಅಭಿಪ್ರಾಯ.

ಸ್ವಾಮೀಜಿಯವರು 1903ರ ಅಕ್ಟೋಬರ್ 3ರಂದು ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಜನಿಸಿದರು. ವೆಂಕಟೇಶ ಭಗವಾನರಾವ್ ಖೇಡಗೀಕರ್ ಎಂಬುದು ಅವರ ಪೂರ್ವಾಶ್ರಮದ ಹೆಸರು. ಕನ್ನಡ ನೆಲದಲ್ಲಿ ಹುಟ್ಟಿ, ಮರಾಠಿಯಲ್ಲಿ ಶಿಕ್ಷಣ ಪಡೆದು, ಕಾರ್ಮಿಕ ನಾಯಕ ಎನ್. ಎಂ. ಜೋಶಿಯವರೊಡನೆ ಕೆಲಕಾಲ ದುಡಿದ ಬಳಿಕ ಅವರು ಮರಾಠವಾಡದ ಹಿಪ್ಪರಗಾದ ರಾಷ್ಟ್ರೀಯ ಶಾಲೆಯಲ್ಲಿ ಶಿಕ್ಷಕರಾದರು. ಸಂನ್ಯಾಸ ಸ್ವೀಕರಿಸಿದ ಮೇಲೂ ಅಧ್ಯಾಪನವನ್ನು ಬಿಡಲಿಲ್ಲ; ಅಂಬಾಜೋಗಾಯಿಯ ಶಾಲೆಯಲ್ಲಿ ಅದನ್ನು ಮುಂದುವರಿಸಿದರು. ಮಠದ ಪೀಠವನ್ನಲ್ಲ, ಪಾಠಶಾಲೆಯ ಕೋಣೆಯನ್ನು ಆರಿಸಿಕೊಂಡ ಈ ಸಂನ್ಯಾಸಿಯನ್ನು ರಾಜಕಾರಣಕ್ಕೆ ಎಳೆದು ತಂದದ್ದು ಅಂದಿನ ಸಂಸ್ಥಾನದ ಪರಿಸ್ಥಿತಿ.

ಆ ಪರಿಸ್ಥಿತಿಯ ಸ್ವರೂಪವನ್ನು ತಿಳಿಯಲು ಒಂದು ಸರ್ಕಾರಿ ಆಜ್ಞೆಯನ್ನು ನೋಡಿದರೆ ಸಾಕು. 1929ರ ಸುಮಾರಿಗೆ ಹೊರಟ ‘ಗಶ್ತಿ ನಿಶಾನ್ 53’ ಎಂಬ ಸುತ್ತೋಲೆಯು ಸರ್ಕಾರದ ಪೂರ್ವಾನುಮತಿಯಿಲ್ಲದೆ ಸಾರ್ವಜನಿಕ ಸಭೆ ನಡೆಸುವುದನ್ನು ನಿರ್ಬಂಧಿಸಿತು. ಸಂಸ್ಥಾನದ ಹದಿನಾರು ಜಿಲ್ಲೆಗಳಲ್ಲಿ ಎಂಟು ತೆಲುಗು, ಐದು ಮರಾಠಿ, ಮೂರು ಕನ್ನಡ ಜಿಲ್ಲೆಗಳಿದ್ದವು. ಆಡಳಿತದ ಭಾಷೆಯಾದರೋ ಉರ್ದು. ತಮ್ಮ ನುಡಿಯಲ್ಲಿ ಶಿಕ್ಷಣ ಕೇಳುವುದಕ್ಕೂ ಜನರು ಒಂದೆಡೆ ಸೇರಬೇಕಾಗಿತ್ತು. ಸೇರುವುದಕ್ಕೆ ಅಪ್ಪಣೆ ಬೇಕಾಗಿತ್ತು. ಆಂಧ್ರ ಮಹಾಸಭೆ, ಮಹಾರಾಷ್ಟ್ರ ಪರಿಷತ್ತು, 1937ರಲ್ಲಿ ಬೀದರಿನಲ್ಲಿ ಮೊದಲ ಅಧಿವೇಶನ ನಡೆಸಿದ ನಿಜಾಂ ಕರ್ನಾಟಕ ಪರಿಷತ್ತು ಇವು ಭಾಷೆ, ಶಿಕ್ಷಣ, ಸಮಾಜ ಸುಧಾರಣೆಗಳ ವೇದಿಕೆಗಳಾಗಿ ಬೆಳೆದುದಕ್ಕೆ ನೇರ ರಾಜಕೀಯಕ್ಕೆ ಎಡೆಯಿಲ್ಲದಿದ್ದುದೂ ಒಂದು ಕಾರಣ. ಕನ್ನಡದ ಕೆಲಸವೂ ಪೌರಹಕ್ಕಿನ ಕೆಲಸವೂ ಇಲ್ಲಿ ಒಂದೇ ಬೇರಿನಿಂದ ಚಿಗುರಿದವು.

1938ರಲ್ಲಿ ಈ ಮೂರು ಭಾಷಾಪ್ರದೇಶಗಳ ಕಾರ್ಯಕರ್ತರು ಕೂಡಿ ಹೈದರಾಬಾದು ಸ್ಟೇಟ್ ಕಾಂಗ್ರೆಸ್ಸನ್ನು ಸ್ಥಾಪಿಸಲು ನಿರ್ಧರಿಸಿದರು. ನಿಜಾಮರ ಛತ್ರದಡಿಯಲ್ಲಿಯೇ ಜವಾಬ್ದಾರಿ ಸರ್ಕಾರ ಬೇಕೆಂಬುದಷ್ಟೇ ಅದರ ಗುರಿಯಾಗಿತ್ತು. ರಾಜನನ್ನು ಇಳಿಸುವ ಮಾತು ಅಲ್ಲಿರಲಿಲ್ಲ. ಆದರೂ ಸಂಸ್ಥೆಯು ವಿಧ್ಯುಕ್ತವಾಗಿ ಹುಟ್ಟುವ ಮೊದಲೇ, ಸೆಪ್ಟೆಂಬರಿನಲ್ಲಿ, ಸರ್ಕಾರ ಅದನ್ನು ನಿಷೇಧಿಸಿತು. ಹುಟ್ಟದ ಸಂಸ್ಥೆಗೆ ವಿಧಿಸಿದ ಈ ನಿಷೇಧವನ್ನು ಮುರಿಯುವುದೇ ಸತ್ಯಾಗ್ರಹದ ವಿಷಯವಾಯಿತು. ಸ್ವಾಮೀಜಿಯವರು ಶಾಲೆಯನ್ನು ತೊರೆದು ಸೆರೆಮನೆ ಸೇರಿದರು. ಅದೇ ವರ್ಷದ ಕೊನೆಯಲ್ಲಿ, ವಂದೇ ಮಾತರಂ ಹಾಡಿದ್ದಕ್ಕಾಗಿ ಉಸ್ಮಾನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಹೊರಹಾಕಲಾಯಿತು. ಗಾಂಧೀಜಿಯವರ ಸಲಹೆಯಂತೆ ಡಿಸೆಂಬರಿನಲ್ಲಿ ಸತ್ಯಾಗ್ರಹ ನಿಂತಿತು, ನಿಷೇಧ ನಿಲ್ಲಲಿಲ್ಲ. 1940ರ ವೈಯಕ್ತಿಕ ಸತ್ಯಾಗ್ರಹದಲ್ಲಿ, 1942ರ ಚಳವಳಿಯಲ್ಲಿ ಸ್ವಾಮೀಜಿ ಮತ್ತೆ ಮತ್ತೆ ಬಂಧಿತರಾದರು. ಸಂಸ್ಥೆಯೊಂದು ಅಸ್ತಿತ್ವದಲ್ಲಿರುವ ಹಕ್ಕಿಗಾಗಿಯೇ ಸುಮಾರು ಎಂಟು ವರ್ಷ ಕಳೆದವು. ನಿಷೇಧ ತೆರವಾದದ್ದು 1946ರ ಜುಲೈನಲ್ಲಿ.

ಮುಂದಿನ ಘಟನೆಗಳು ಪ್ರಸಿದ್ಧವಾಗಿವೆ. 1947ರ ಜೂನಿನಲ್ಲಿ ಹೈದರಾಬಾದಿನ ಮುಶೀರಾಬಾದಿನಲ್ಲಿ ನಡೆದ ಸ್ಟೇಟ್ ಕಾಂಗ್ರೆಸ್ಸಿನ ಅಧಿವೇಶನವು ಸ್ವಾಮೀಜಿಯವರ ಅಧ್ಯಕ್ಷತೆಯಲ್ಲಿ ಭಾರತ ಒಕ್ಕೂಟವನ್ನು ಸೇರಬೇಕೆಂದು ಘೋಷಿಸಿತು. ಆಗಸ್ಟ್ 15ರಂದು, ದೇಶವೆಲ್ಲ ಸ್ವಾತಂತ್ರ್ಯವನ್ನು ಆಚರಿಸುತ್ತಿದ್ದಾಗ, ಅವರು ಬಂಧನಕ್ಕೊಳಗಾದರು. ನಡುವಿನ ಅಲ್ಪಕಾಲದ ಬಿಡುಗಡೆಯನ್ನು ಬಿಟ್ಟರೆ ಪೊಲೀಸ್ ಕಾರ್ಯಾಚರಣೆಯ ತನಕವೂ ಅವರು ಸೆರೆಯಲ್ಲಿದ್ದರು. ಹೊರಗೆ ಗಡಿಯ ಶಿಬಿರಗಳಲ್ಲಿ ಹೋರಾಟ ನಡೆಯಿತು. ಮುಂಡರಗಿಯ ಶಿಬಿರವನ್ನು ಅಳವಂಡಿ ಶಿವಮೂರ್ತಿಸ್ವಾಮಿಗಳು ಮುನ್ನಡೆಸಿದರು. ‘ಇಮ್ರೋಜ್’ ಉರ್ದು ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರು ರಜಾಕಾರರನ್ನು ಖಂಡಿಸಿ ಬರೆದುದಕ್ಕಾಗಿ 1948ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಕೊಲೆಯಾದರು. ಇದು ಎರಡು ಮತಗಳ ಕಾಳಗವಾಗಿತ್ತೆನ್ನುವವರಿಗೆ ಈ ಬಲಿದಾನವೊಂದೇ ತಕ್ಕ ಉತ್ತರ.

ಇಲ್ಲಿ ಒಂದು ಕಹಿ ಸತ್ಯವನ್ನೂ ನಾವು ಎದುರಿಸಬೇಕಾಗಿದೆ. ರಜಾಕಾರರ ಹಿಂಸೆಯಿಂದ ಬಿಡುಗಡೆಯಾದ ಹಳ್ಳಿಗಳಲ್ಲಿಯೇ ಕಾರ್ಯಾಚರಣೆಯ ಬಳಿಕ ಮುಸಲ್ಮಾನರ ಮೇಲೆ ಪ್ರತಿಹಿಂಸೆ ನಡೆಯಿತು. ಭಾರತ ಸರ್ಕಾರ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು ಸತ್ತವರ ಸಂಖ್ಯೆಯನ್ನು 27,000ದಿಂದ 40,000 ಎಂದು ಅಂದಾಜು ಮಾಡಿತು. ಹೆಚ್ಚು ನೊಂದ ಜಿಲ್ಲೆಗಳಲ್ಲಿ ನಮ್ಮ ಕಲಬುರ್ಗಿ, ಬೀದರ್‌ಗಳೂ ಸೇರಿದ್ದವು. ಆ ವರದಿ ದಶಕಗಳ ಕಾಲ ಕತ್ತಲೆಯಲ್ಲಿತ್ತು. ಪ್ರಜೆಯ ನಿರ್ಭಯತೆಯೇ ಸ್ವಾಮೀಜಿಯವರ ಹೋರಾಟದ ಮಾನದಂಡವಾಗಿದ್ದರೆ, ಅದೇ ಮಾನದಂಡವನ್ನು ಈ ದಿನಗಳಿಗೂ ಅನ್ವಯಿಸುವುದು ಇತಿಹಾಸಕಾರನ ಧರ್ಮ. ಒಬ್ಬರ ಕಣ್ಣೀರನ್ನು ಬರೆದು ಇನ್ನೊಬ್ಬರದನ್ನು ಒರೆಸಿಹಾಕುವುದು ಚರಿತ್ರೆಯಲ್ಲ.

ಸ್ವಾತಂತ್ರ್ಯಾನಂತರ ಸ್ವಾಮೀಜಿಯವರು 1952ರಲ್ಲಿ ಕಲಬುರ್ಗಿಯಿಂದಲೂ 1957ರಲ್ಲಿ ಔರಂಗಾಬಾದಿನಿಂದಲೂ ಲೋಕಸಭೆಗೆ ಆಯ್ಕೆಯಾದರು. ತಾವು ಯಾವ ಸಂಸ್ಥಾನಕ್ಕಾಗಿ ಹೋರಾಡಿದ್ದರೋ ಅದು ಒಡೆದು ಭಾಷಾಪ್ರಾಂತಗಳಲ್ಲಿ ಲೀನವಾಗಬೇಕೆಂದು ಅವರು ಒತ್ತಾಯಿಸಿದುದು ಮನನೀಯ. ನೆಹರೂ ಅವರಿಗೆ ಹೈದರಾಬಾದನ್ನು ವಿಭಜಿಸುವ ಮನಸ್ಸಿರಲಿಲ್ಲ. ಆದರೆ ತನ್ನ ನುಡಿಯಲ್ಲಿ ಆಳಿಸಿಕೊಳ್ಳುವುದೂ ಪ್ರಜೆಯ ಹಕ್ಕೆಂದು ತಿಳಿದವರಿಗೆ ಬೇರೆ ದಾರಿಯಿರಲಿಲ್ಲ. 1956ರ ನವೆಂಬರ್ 1ರಂದು ಅದು ಕೈಗೂಡಿತು. ಅವರ ಸ್ವಂತ ನೆಲೆ ಮಾತ್ರ ಆ ವಿಭಜನೆಯಿಂದ ಹಂಚಿಹೋಯಿತು.

1972ರ ಜನವರಿ 22ರಂದು ಅವರು ಹೈದರಾಬಾದಿನಲ್ಲಿಯೇ ತೀರಿಕೊಂಡರು. ಅವರ ಸಮಾಧಿ ಬೇಗಂಪೇಟೆಯಲ್ಲಿದೆ. ನಾಂದೇಡದ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿದೆ. ಹುಟ್ಟಿದ ಕನ್ನಡ ನಾಡಿನಲ್ಲಿ ಅವರ ಹೆಸರು ಹೆಚ್ಚಾಗಿ ಕೇಳಿಬರುವುದು ವರ್ಷಕ್ಕೊಮ್ಮೆ, ಸೆಪ್ಟೆಂಬರ್ 17ರಂದು. ಆ ದಿನಕ್ಕೆ ಯಾವ ಹೆಸರಿಡಬೇಕೆಂಬ ವಾದವೂ ನಿಂತಿಲ್ಲ: 2022ರಲ್ಲಿ ಹೈದರಾಬಾದಿನಲ್ಲಿ ಕೇಂದ್ರ ಸರ್ಕಾರ ಅದನ್ನು ವಿಮೋಚನಾ ದಿನವೆಂದೂ ತೆಲಂಗಾಣ ಸರ್ಕಾರ ರಾಷ್ಟ್ರೀಯ ಏಕತಾ ದಿನವೆಂದೂ ಬೇರೆ ಬೇರೆಯಾಗಿ ಆಚರಿಸಿದವು. ಹೆಸರು ಯಾವುದಾದರೂ ಇರಲಿ. ಅಪ್ಪಣೆ ಬೇಡದೆ ನಾಲ್ಕು ಜನ ಒಂದೆಡೆ ಕುಳಿತು ತಮ್ಮ ನುಡಿಯಲ್ಲಿ ತಮ್ಮ ಸರ್ಕಾರವನ್ನು ಪ್ರಶ್ನಿಸಬಲ್ಲ ಸ್ಥಿತಿಯನ್ನು ಕಾಪಾಡಿಕೊಳ್ಳುವುದೇ ಆ ಸಂನ್ಯಾಸಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ.