ಗೂಟ ಹೊಡೆಯುವವನ ಲೆಕ್ಕ

ಶಾಸಕರು ಪಕ್ಷ ಬದಲಿಸಿದರೆ ಮರುದಿನದ ಪತ್ರಿಕೆಗೆ ‘ದೊಂಬರಾಟ’ ಎಂಬ ತಲೆಬರಹ ಸಿದ್ಧವಾಗಿರುತ್ತದೆ. ಲಂಗುಲಗಾಮಿಲ್ಲದ ಜಿಗಿದಾಟಕ್ಕೆ ಕನ್ನಡ ಈ ಹೆಸರನ್ನು ಅಂಟಿಸಿಬಿಟ್ಟಿದೆ. ಆದರೆ ಹಗ್ಗದ ಮೇಲೆ ಆಡುವ ದೊಂಬರ ಆ ಕಸುಬಿನಷ್ಟು ಲೆಕ್ಕಾಚಾರದ ಕೆಲಸ ಸಂತೆಮಾಳದಲ್ಲಿ ಇನ್ನೊಂದಿರಲಿಲ್ಲ. ಆಟ ಕಟ್ಟುವ ಕ್ರಮವನ್ನೇ ನೋಡಿ. ಎರಡೂ ಕಡೆ ಜೋಡಿ ಬಿದಿರುಗಳುಗಳನ್ನು ಕತ್ತರಿಯಂತೆ ನಿಲ್ಲಿಸಿ, ಅವುಗಳ ಕವಲಿನ ಮೇಲೆ ಹಗ್ಗ ಹಾಯಿಸಿ, ತುದಿಗಳನ್ನು ನೆಲದ ಗೂಟಕ್ಕೆ ಬಿಗಿಯುತ್ತಿದ್ದರು. 20 ಅಡಿ ಹಗ್ಗದ ನಟ್ಟನಡುವೆ 25 ಕಿಲೋ ತೂಕದ ಹುಡುಗಿ ನಿಂತಳೆನ್ನಿ. ಹಗ್ಗ ಒಂದಡಿ ಜಗ್ಗಿದರೆ ಅದರಲ್ಲಿ ಹುಟ್ಟುವ ಸೆಳೆತ ಅವಳ ತೂಕದ ಐದು ಪಟ್ಟು, ಸುಮಾರು 125 ಕಿಲೋ. ಇನ್ನೂ ಬಿಗಿದರೆ ಗೂಟ ಕಿತ್ತುಬಂದೀತು, ಸಡಿಲ ಬಿಟ್ಟರೆ ಹಗ್ಗ ಉಯ್ಯಾಲೆಯಾದೀತು. ಈ ಹದವನ್ನು ಮಳೆಗೆ ನೆನೆದ ನೆಲದಲ್ಲೊಮ್ಮೆ, ಒಣಗಿದ ಮಾಳದಲ್ಲೊಮ್ಮೆ, ಊರೂರಿಗೂ ಹೊಸದಾಗಿ ಹಿಡಿಯಬೇಕಿತ್ತು. ಹುಡುಗಿ ಹಿಡಿದ ಉದ್ದನೆಯ ಗಳುವೂ ಅಂದಕ್ಕಲ್ಲ. ತೂಕ ಅಗಲಕ್ಕೆ ಹರಡಿದಷ್ಟೂ ಮೈ ವಾಲುವುದು ನಿಧಾನವಾಗಿ, ಸಾವರಿಸಿಕೊಳ್ಳಲು ಪಾದಕ್ಕೆ ಬಿಡುವು ಸಿಗುತ್ತದೆ.

ಹೊಟ್ಟೆಪಾಡಿನ ರೂಢಿಯನ್ನು ಯೋಜನೆ ಎನ್ನಲಾದೀತೇ ಎಂದು ಕೇಳಬಹುದು. ಹೋಲಿಕೆಗೆ ಒಂದು ಉದಾಹರಣೆ ನೋಡಿ: 1974ರ ಆಗಸ್ಟ್ 7ರಂದು ಹಗ್ಗನಡಿಗೆಗಾರ ಫಿಲಿಪ್ ಪೆಟಿ ನ್ಯೂಯಾರ್ಕಿನ ಅವಳಿ ಗೋಪುರಗಳ ನಡುವೆ, ನೆಲದಿಂದ 400 ಮೀಟರಿಗೂ ಮೇಲೆ ತಂತಿಯ ಮೇಲೆ ನಡೆದ. ಸಿದ್ಧತೆಗೆ ವರ್ಷಗಳೇ ಹಿಡಿದಿದ್ದವು. ಮೊದಲು ಬಾಣದ ಜೊತೆ ಗಾಳದ ದಾರ ಹಾರಿತು. ದಾರದ ಹಿಂದೆ ಹಗ್ಗ, ಹಗ್ಗದ ಹಿಂದೆ ಉಕ್ಕಿನ ತಂತಿ. ಜಗತ್ತು ಅವನನ್ನು ಕಲಾವಿದ ಎಂದಿತು. ದೊಂಬರು ದಾಖಲಾದದ್ದು ಜನಾಂಗ ಅಧ್ಯಯನಕಾರ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದಂಥ ಜಾತಿಕೋಶಗಳಲ್ಲಿ. ಪೆಟಿ ಒಂದು ಬೆಳಗಿಗಾಗಿ ಹಾಕಿದ ಲೆಕ್ಕವನ್ನು ಇವರು ದಿನವೂ ಹಾಕುತ್ತಿದ್ದರು, ಕಾಗದವಿಲ್ಲದೆ. ರೂಢಿಯೆಂದರೆ ಬಾಯಿಪಾಠವಾದ ಯೋಜನೆಯೇ ಅಲ್ಲವೇ?

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಹಸಿದ ಮಗುವನ್ನು ಹಗ್ಗ ಹತ್ತಿಸಿ ಅದನ್ನು ಕಲೆಯೆಂದು ಹೊಗಳುವುದು ಕ್ರೌರ್ಯ. ಒಪ್ಪತಕ್ಕ ಮಾತು. ಆದರೆ ಅಪಾಯವನ್ನು ತಡೆಯುವುದು ಬೇರೆ, ಕಸುಬನ್ನೇ ಕೈಬಿಡುವುದು ಬೇರೆ. ಟಿಬೆಟಿಯನ್ನರ ಚರಿತ್ರೆ ಇಲ್ಲಿ ನೆನಪಾಗುತ್ತದೆ. ಲಾಸಾದಲ್ಲಿ ಹೊಸವರ್ಷದ ಹಬ್ಬಕ್ಕೆ ಪೊಟಾಲ ಅರಮನೆಯ ಎತ್ತರದಿಂದ ಬುಡದವರೆಗೆ ಹಗ್ಗ ಬಿಗಿದು, ತ್ಸಾಂಗ್ ಸೀಮೆಯ ಗಂಡಸರು ಅದರ ಮೇಲೆ ಎದೆಯೂರಿ ಜಾರುತ್ತಿದ್ದರು. ಜೀವಹಾನಿಯಾಗುತ್ತಿದ್ದುದರಿಂದ 13ನೆಯ ದಲೈ ಲಾಮಾ ಅದನ್ನು ನಿಲ್ಲಿಸಿದರು. ಬದಲಿಗೆ ಕಂಬ ನೆಡಿಸಿ ಅದರ ತುದಿಯಲ್ಲಿ ಕಸರತ್ತು ನಡೆಸುವಂತೆ ಮಾಡಿದರು. ನಮ್ಮ ಕಾನೂನು ಮಕ್ಕಳನ್ನು ಹಗ್ಗದಿಂದ ಕೆಳಗಿಳಿಸಿತು, ಸರಿಯೇ. ಗೂಟ ಹೊಡೆಯುತ್ತಿದ್ದ ಹಿರಿಯನಿಗೆ ಅಂಥ ಕಂಬವೊಂದನ್ನು ಯಾರೂ ನೆಟ್ಟುಕೊಡಲಿಲ್ಲ.