ಸ್ಯಾಕ್ಸೋಫೋನಿನ ಮೌತ್‌ಪೀಸಿಗೆ ಹಲ್ಲಿನ ಗುರುತು: ಅಲ್ಪ ಖರ್ಚಿನಲ್ಲಿ ತಡೆಯುವ ಬಗೆ

ಲಗ್ನದ ಹಂಗಾಮು ಬಂತೆಂದರೆ ಮಂಗಳವೇಢೆ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಬೀದಿಗಳಲ್ಲಿ ಬ್ಯಾಂಡಿನ ನಾದ ತುಂಬುತ್ತದೆ. ಅದನ್ನು ಕೇಳಿ ಸ್ಯಾಕ್ಸೋಫೋನ್ ಕಲಿಯಬೇಕೆನ್ನುವ ಮಗುವಿನ ಕೈಗೆ ಮೊದಲು ಬರುವುದು ಸಾಮಾನ್ಯವಾಗಿ ಯಾರೋ ಬಳಸಿಬಿಟ್ಟ ವಾದ್ಯ. ಅದರ ಮೌತ್‌ಪೀಸಿನ ಮೇಲ್ಭಾಗವನ್ನು ಬೆರಳಿನಿಂದ ಸವರಿದರೆ ಎರಡು ಕುಳಿಗಳು ತಗಲುತ್ತವೆ; ಹಿಂದಿನ ವಾದಕನ ಮುಂಬಲ್ಲುಗಳು ಕೊರೆದ ಕುಳಿಗಳವು. ಹೊಸ ಮೌತ್‌ಪೀಸಿನ ಬೆಲೆ ಬಡ ಪಾಲಕರಿಗೆ ಹಗುರವಲ್ಲ. ಆದ್ದರಿಂದ ಇರುವುದನ್ನು ಉಳಿಸಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸುತ್ತೇವೆ.

ನಮ್ಮ ಭಾಗದ ಸನಾದಿಗೆ ಈ ತೊಂದರೆಯಿಲ್ಲ. ಅದರ ಜೋಡಿ ರೀಡನ್ನು ತುಟಿಗಳ ನಡುವೆ ಹಿಡಿಯುತ್ತಾರೆ, ಹಲ್ಲು ತಾಗುವುದಿಲ್ಲ. ಸ್ಯಾಕ್ಸೋಫೋನಿನಲ್ಲಿರುವುದು ಒಂದೇ ರೀಡು. ಅದು ಮೌತ್‌ಪೀಸಿನ ಕೆಳಗಿದ್ದು ಕೆಳತುಟಿಯ ಮೇಲೆ ಕೂರುತ್ತದೆ. ಮೇಲಿನ ಹಲ್ಲುಗಳು ಮೌತ್‌ಪೀಸಿನ ಬೆನ್ನಿನ ಮೇಲೆ ನೇರವಾಗಿ ನಿಲ್ಲುತ್ತವೆ. ಕ್ಲಾರಿನೆಟ್ಟಿನದೂ ಇದೇ ರೀತಿ. ನಾಗಸ್ವರ ವಾದಕರ ಮನೆಯಲ್ಲಿ ಹುಟ್ಟಿ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೋಫೋನಿಗೆ ಮನಸೋತು, ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿ 2004ರಲ್ಲಿ ಪದ್ಮಶ್ರೀ ಪಡೆದ ಕದ್ರಿ ಗೋಪಾಲನಾಥರೂ (1949–2019) ಜೋಡಿ ರೀಡಿನ ಮನೆತನದಿಂದ ಒಂಟಿ ರೀಡಿನ ವಾದ್ಯಕ್ಕೆ ಬಂದವರೇ.

ಮೌತ್‌ಪೀಸುಗಳನ್ನು ಬಹುತೇಕ ಎಬೊನೈಟ್ ಎಂಬ ಗಟ್ಟಿ ರಬ್ಬರಿನಿಂದ ಇಲ್ಲವೆ ಪ್ಲಾಸ್ಟಿಕ್ಕಿನಿಂದ ಮಾಡುತ್ತಾರೆ. ಎರಡೂ ಹಲ್ಲಿನ ಹೊರಪದರಕ್ಕಿಂತ ಮೆದು. ಕುಳಿ ಬಿದ್ದ ಮಾತ್ರಕ್ಕೆ ನಾದ ಕೆಡುವುದಿಲ್ಲ. ಕೆಡುವುದು ರೀಡಿನ ಎದುರಿರುವ ತೆಳು ತುದಿ ಮುಕ್ಕಾದಾಗ. ಆದರೆ ಹಳೆಯ ಕುಳಿಯು ಹೊಸ ಬಾಲಕನ ಹಲ್ಲನ್ನು ತನ್ನೆಡೆಗೇ ಎಳೆದುಕೊಳ್ಳುತ್ತದೆ. ಬೇರೊಬ್ಬನ ಬಾಯಿಯ ಅಳತೆಯಲ್ಲಿ ಅವನು ಕಲಿಯಬೇಕಾಗುತ್ತದೆ. ನಮ್ಮ ದೃಷ್ಟಿಯಲ್ಲಿ ನಿಜವಾದ ಹಾನಿ ಇದೇ.

ಅಗ್ಗದ ಮತ್ತು ಸರಿಯಾದ ಉಪಾಯವೆಂದರೆ ಮೌತ್‌ಪೀಸ್ ಪ್ಯಾಚ್. ಅಂಗಡಿಗಳಲ್ಲಿ ಇದಕ್ಕೆ ಕುಶನ್ ಎಂದೂ ಹೇಳುತ್ತಾರೆ. ಹಿಂಬದಿಯಲ್ಲಿ ಅಂಟಿರುವ ಈ ಸಣ್ಣ ರಬ್ಬರ್ ತುಣುಕು ಹಲವು ತುಣುಕುಗಳ ಪೊಟ್ಟಣವಾಗಿ ದೊರೆಯುತ್ತದೆ. ಸುಮಾರು 0.3 ಮಿ.ಮೀ. ದಪ್ಪದ ತೆಳುವಾದವೂ 0.8 ಮಿ.ಮೀ. ದಪ್ಪದವೂ ಇವೆ. ಕಲಿಯುವ ಮಕ್ಕಳಿಗೆ ದಪ್ಪನೆಯದೇ ಲೇಸು: ಬೇಗ ಸವೆಯುವುದಿಲ್ಲ, ಹಲ್ಲಿನ ಮೂಲಕ ತಲೆಗೇರುವ ಕಂಪನವನ್ನೂ ತಗ್ಗಿಸುತ್ತದೆ. ಅಂಟಿಸುವ ಮುನ್ನ ಮೌತ್‌ಪೀಸನ್ನು ಉಗುರುಬೆಚ್ಚಗಿನ ನೀರಿನಲ್ಲಿ ಮೃದು ಸಾಬೂನಿನಿಂದ ತೊಳೆದು ಪೂರ್ತಿ ಒಣಗಿಸಬೇಕು. ತುದಿಯಿಂದ ಎರಡು ಮೂರು ಮಿ.ಮೀ. ಹಿಂದೆ ತುಣುಕನ್ನಿಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಕೆಲ ಗಂಟೆ ಬಿಟ್ಟು ನುಡಿಸಬೇಕು. ತುದಿಯನ್ನಾಗಲಿ ಬದಿಗಳನ್ನಾಗಲಿ ಅದು ಮುಚ್ಚಬಾರದು. ತೂತು ಬಿದ್ದರೆ ಉಗುರಿನಿಂದ ಎಬ್ಬಿಸಿ ತೆಗೆದು ಹೊಸದನ್ನು ಹಾಕಿ. ಉಳಿದ ಅಂಟಿಗೆ ಒಂದು ಹನಿ ಅಡುಗೆ ಎಣ್ಣೆ, ಬಳಿಕ ಸಾಬೂನು ಸಾಕು. ಪೆಟ್ರೋಲ್, ಥಿನ್ನರ್ ಬಳಸಬೇಡಿ.

ಪ್ಯಾಚ್ ಸಿಗುವವರೆಗೆ ಔಷಧದಂಗಡಿಯ ಕಾಗದದ ಸರ್ಜಿಕಲ್ ಟೇಪನ್ನು ಎರಡು ಪದರ ಅಂಟಿಸಬಹುದು. ಎಂಜಲಿಗೆ ಅದು ಬೇಗ ಮೆತ್ತಗಾಗುವುದರಿಂದ ಪ್ರತಿ ಅಭ್ಯಾಸದ ನಂತರ ಕಿತ್ತೆಸೆಯಬೇಕು. ಸೈಕಲ್ ಟ್ಯೂಬಿನ ತುಂಡನ್ನು ಪಂಕ್ಚರ್ ಸೊಲ್ಯೂಷನ್‌ನಿಂದ ಅಂಟಿಸುವ ಯೋಚನೆ ಯಾರಿಗಾದರೂ ಬಂದೀತು. ಮಕ್ಕಳ ಬಾಯಿಗೆ ಹೋಗುವ ವಸ್ತುವಿಗೆ ಅದು ಸಲ್ಲದು. ವಿದ್ಯುತ್ ತಂತಿಗೆ ಸುತ್ತುವ ಟೇಪೂ ಹಾಗೆಯೇ.

ಒಂದು ಪ್ಯಾಚ್ ಕೆಲವೇ ದಿನಗಳಲ್ಲಿ ಹರಿದುಹೋಗುತ್ತಿದ್ದರೆ ಮಗು ಕಚ್ಚುತ್ತಿದೆ ಎಂದು ತಿಳಿಯಬೇಕು. ಹಲ್ಲು ಮೌತ್‌ಪೀಸಿನ ಮೇಲೆ ಸುಮ್ಮನೆ ನೆಲೆಸಬೇಕು, ಅದುಮಬಾರದು. ಕಚ್ಚುವುದಕ್ಕೆ ಕಾರಣಗಳು ಹಲವು. ರೀಡು ಗಟ್ಟಿಯಾಗಿದ್ದರೆ ದವಡೆಯ ಬಲ ಬೇಕಾಗುತ್ತದೆ, ಆರಂಭಕ್ಕೆ 1.5 ಅಥವಾ 2ನೇ ಅಂಕದ ರೀಡು ಸಾಕು. ಕೊರಳಪಟ್ಟಿ ಸಡಿಲವಾಗಿ ವಾದ್ಯ ಕೆಳಗೆ ಜೋತುಬಿದ್ದರೆ ಮಗು ಹಲ್ಲಿನಿಂದಲೇ ಅದನ್ನು ಎತ್ತಿ ಹಿಡಿಯುತ್ತದೆ. ತಲೆ ಬಗ್ಗಿಸದೆ ಮೌತ್‌ಪೀಸು ತಾನಾಗಿ ಬಾಯಿಗೆ ಬರುವಷ್ಟು ಪಟ್ಟಿಯನ್ನು ಎತ್ತರಿಸಿ. ಕಾಸು ಖರ್ಚಿಲ್ಲದ ಇನ್ನೊಂದು ಅಭ್ಯಾಸವಿದೆ: ದಿನಕ್ಕೆ ಐದು ನಿಮಿಷ ಮೇಲ್ದುಟಿಯನ್ನೂ ಹಲ್ಲಿನ ಮೇಲೆ ಮಡಚಿ ನುಡಿಸುವುದು. ಕಚ್ಚಿದರೆ ತನ್ನ ತುಟಿಗೇ ನೋವಾಗುವುದರಿಂದ ಹಿಡಿತ ತಾನೇ ಸಡಿಲಗೊಳ್ಳುತ್ತದೆ.

ಸೊಲ್ಲಾಪುರದ ಬೇಸಿಗೆಯನ್ನು ಮರೆಯುವಂತಿಲ್ಲ. ಬಿಸಿಲು, ಬಿಸಿನೀರು ಎರಡೂ ಎಬೊನೈಟನ್ನು ಹಸಿರು ಕಂದಾಗಿಸಿ ಗಂಧಕದ ವಾಸನೆ ಬರಿಸುತ್ತವೆ. ಪ್ಯಾಚಿನ ಅಂಟೂ ಜಾರುತ್ತದೆ. ನುಡಿಸಿದ ಮೇಲೆ ಒರೆಸಿ, ತುದಿಗೆ ಟೊಪ್ಪಿಗೆ ಹಾಕಿ ನೆರಳಿನಲ್ಲಿಡಿ. ಒಂದೇ ವಾದ್ಯವನ್ನು ಇಬ್ಬರು ಮಕ್ಕಳು ಬಳಸುವಲ್ಲಿ ಒಬ್ಬರ ನಂತರ ತೊಳೆಯದೆ ಇನ್ನೊಬ್ಬರಿಗೆ ಕೊಡಬಾರದು. ಸಾಧ್ಯವಾದರೆ ರೀಡು ಬೇರೆ ಬೇರೆಯಾಗಿರಲಿ.

ಈಗಾಗಲೇ ಆಳವಾದ ಕುಳಿ ಬಿದ್ದಿದ್ದರೆ ಅದರ ಮೇಲೆ ದಪ್ಪ ಪ್ಯಾಚನ್ನೇ ಅಂಟಿಸಿ. ಬಹುತೇಕ ಕುಳಿಗಳು ಮುಚ್ಚಿಹೋಗುತ್ತವೆ. ಅಷ್ಟಕ್ಕೂ ಹಲ್ಲು ಕೆಳಗಿಳಿಯುತ್ತಿದ್ದರೆ ವಾದ್ಯ ರಿಪೇರಿಯವರು ಕುಳಿಯನ್ನು ತುಂಬಿ ಉಜ್ಜಿ ಸಮ ಮಾಡಿಕೊಡುತ್ತಾರೆ. ಮನೆಯಲ್ಲಿ ಉಪ್ಪುಕಾಗದ ಹಿಡಿದು ಉಜ್ಜಲು ಹೋಗಬೇಡಿ, ತುದಿ ಒಮ್ಮೆ ತೆಳುವಾದರೆ ಆ ಮೌತ್‌ಪೀಸು ಮತ್ತೆ ನುಡಿಯುವುದಿಲ್ಲ.